ಎಡಚ ಕೊಂಬಜ್ಜ

ಮಾರ್ಚ್ 4

ಅಪ್ಪನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಶುರುಮಾಡಬೇಕು. ಆದರೆ ಅಮ್ಮನಿಗೆ ಮೊಣಕಾಲು ನೋವು, ನನಗೆ ಕುತ್ತಿಗೆ ನೋವು. ಅವಳದು ಹೊಲಿಗೆ ಯಂತ್ರದ ಕೃಪೆ, ನನ್ನದು ಡ್ರಾಯಿಂಗ್ ಮೇಜಿನ ಕೃಪೆ. ಉಳಿದಂತೆ ಚೆನ್ನಾಗಿದ್ದೇವೆ.

ವರ್ಷಕ್ಕೊಂದು ಕಾರ್ಡು ಹಾಕುವವಳು ಇದ್ದಕ್ಕಿದ್ದಂತೆ ಉದ್ದನೆಯ ಕಾಗದ ಬರೆಯುತ್ತಿದ್ದಾಳೆ ಎಂದರೆ ಏನೋ ಕೆಲಸವಿರಬೇಕು ಎಂದುಕೊಳ್ಳುತ್ತೀರಿ. ಕೆಲಸವಿದೆ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ನಾವು ಫೋನಿನಲ್ಲಿ ಮಾತಾಡುವುದು ಮೂರು ನಿಮಿಷ, ಅದರಲ್ಲಿ ಎರಡು ನಿಮಿಷ ನಿಮ್ಮ ಕಡೆಯ ಚಳಿ ಮತ್ತು ನಮ್ಮ ಕಡೆಯ ಸೆಕೆಗೇ ಹೋಗುತ್ತದೆ.

ನಮ್ಮ ಸ್ಟುಡಿಯೋದಲ್ಲಿ ಮಕ್ಕಳಿಗಾಗಿ ಒಂದು ಅನಿಮೇಷನ್ ಧಾರಾವಾಹಿ ಮಾಡುತ್ತಿದ್ದೇವೆ ಎಂದು ಹಿಂದೆ ಬರೆದಿದ್ದೆ. ಅದರಲ್ಲಿ ಎರಡು ರಾಜ್ಯಗಳಿವೆ. ಒಂದು ಕೊಂಬಿರುವವರದು, ಇನ್ನೊಂದು ರೆಕ್ಕೆಯಿರುವವರದು. ಮೂರು ತಲೆಮಾರು ಬಡಿದಾಡಿ ಸುಸ್ತಾಗಿ ಈಗ ಸುಮ್ಮನಾಗಿದ್ದಾರೆ. ನಡುವಿನ ಕಣಿವೆಗೆ ಒಂದು ಸೇತುವೆ. ಸೇತುವೆಯ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಮುದುಕ ಕೂತಿರುತ್ತಾನೆ. ಹಿಂದೆ ದೊಡ್ಡ ಯೋಧ, ಒಂದು ಕೊಂಬು ಯುದ್ಧದಲ್ಲೇ ಮುರಿದಿದೆ. ಈಗ ಅವನ ಬಳಿ ಆಯುಧವಿಲ್ಲ. ಎರಡೂ ಕಡೆಯವರು ಮತ್ತೆ ಕಚ್ಚಾಡದಂತೆ ನೋಡಿಕೊಳ್ಳುವುದಷ್ಟೇ ಅವನ ಕೆಲಸ. ನಾವೆಲ್ಲ ಅವನನ್ನು ಕೊಂಬಜ್ಜ ಎನ್ನುತ್ತೇವೆ.

ಕಳೆದ ವರ್ಷ ಅವನಿಗೆ ನಾಲ್ಕೇ ದೃಶ್ಯ. ಬೇರೆ ಯಾರಿಗೂ ಬೇಡವಾಗಿದ್ದರಿಂದ ನನಗೆ ಬಂದ. ಪ್ರಸಾರವಾದ ಮೇಲೆ ಮಕ್ಕಳು ಚೀಲಗಟ್ಟಲೆ ಕಾಗದ ಬರೆದರು, ಎಲ್ಲರಿಗೂ ಕೊಂಬಜ್ಜನೇ ಬೇಕು. ಈ ವರ್ಷ ಪ್ರತಿ ಕಂತಿನಲ್ಲೂ ಅವನಿದ್ದಾನೆ, ಪೂರ್ತಿ ನನ್ನ ಪಾಲಿಗೆ. ಮೊದಲೆಲ್ಲ ನನ್ನದು ನಡುವಿನ ಚಿತ್ರಗಳ ಕೆಲಸವಾಗಿತ್ತು. ಹಿರಿಯ ಕಲಾವಿದರು ಕುಳಿತ ಭಂಗಿ ಒಂದು, ನಿಂತ ಭಂಗಿ ಒಂದು ಬರೆದುಕೊಡುತ್ತಿದ್ದರು. ಕುಳಿತವನು ಎದ್ದು ನಿಲ್ಲುವವರೆಗಿನ ಹನ್ನೆರಡು ಚಿತ್ರ ನಾನು ತುಂಬುತ್ತಿದ್ದೆ. ಈಗ ಮೊದಲು, ನಡು, ಕೊನೆ ಎಲ್ಲವೂ ನನ್ನದೇ. ಗೆಳತಿಯರು ನಿನಗೂ ಎರಡು ಕೊಂಬು ಬಂದಿವೆ ಎಂದು ಚುಡಾಯಿಸುತ್ತಾರೆ.

ತೊಂದರೆ ಏನೆಂದರೆ, ನಿರ್ದೇಶಕಿ ಮೇಡಂ ನಿನ್ನೆ ನನ್ನ ಚಿತ್ರಗಳನ್ನು ಓಡಿಸಿ ನೋಡಿ, “ಇವನು ಯುದ್ಧ ಮಾಡಿದವನ ಹಾಗೆ ಏಳ್ತಾ ಇಲ್ಲ, ಸೊಂಟ ಹಿಡ್ಕೊಂಡ ಮೇಷ್ಟ್ರ ಹಾಗೆ ಏಳ್ತಾನೆ” ಎಂದರು. ಅದಕ್ಕೇ ಕೇಳುತ್ತಿದ್ದೇನೆ. ಯುದ್ಧದಿಂದ ಬಂದವನು ಹೇಗೆ ಏಳುತ್ತಾನೆ? ಆಯುಧವಿಲ್ಲದ ಕೈಯನ್ನು ಏನು ಮಾಡಿಕೊಳ್ಳುತ್ತಾನೆ? ಜಗಳ ಬಿಡಿಸುವಾಗ ಎಲ್ಲಿ ನಿಲ್ಲುತ್ತಾನೆ? ಶಾಂತಿಪಡೆಯಲ್ಲಿ ನೀವೂ ಅದೇ ಕೆಲಸದಲ್ಲಿದ್ದೀರಲ್ಲ.

ನಿಮ್ಮ ಉತ್ತರಕ್ಕೆ ಕಾಯುವ
ಮಗಳು


ಮಾರ್ಚ್ 22

ಪೆನ್ಸಿಲಿಗೆ,

ನಿನ್ನನ್ನು ಹೀಗೆ ಕರೆದು ಎಷ್ಟು ಕಾಲವಾಯಿತೋ. ಚಿಕ್ಕವಳಿದ್ದಾಗ ನೀನು ಅಷ್ಟೇ ತೆಳ್ಳಗಿದ್ದೆ, ಹೋದಲ್ಲೆಲ್ಲ ಗೋಡೆಯ ಮೇಲೆ ಗೆರೆ ಬಿಟ್ಟು ಬರುತ್ತಿದ್ದೆ.

ನನಗೆ ಬರೆಯಲು ಬರುವುದು ವರದಿ ಮಾತ್ರ. ಹಾಗೆಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಮುದುಕ ಏಳುವ ಮುಂಚೆ ಕಾಲು ನೋಡಿಕೊಳ್ಳುವುದಿಲ್ಲ, ಬಾಗಿಲು ನೋಡುತ್ತಾನೆ. ಮೊದಲು ತಲೆ ತಿರುಗುತ್ತದೆ, ಆಮೇಲೆ ಭುಜ, ಸೊಂಟ ಕೊನೆಗೆ. ಸೊಂಟ ನೋವಿದ್ದರೂ ಅಷ್ಟೇ. ಆಯುಧ ಬಿಟ್ಟ ಕೈಗೆ ಕೆಲವು ವರ್ಷ ಏನು ಮಾಡಬೇಕೆಂದೇ ತೋಚುವುದಿಲ್ಲ. ನಮ್ಮಲ್ಲಿ ಸುಮಾರು ಜನ ಸಿಗರೇಟು ಹಿಡಿಯುತ್ತಾರೆ. ನಿನ್ನದು ಮಕ್ಕಳು ನೋಡುವಂಥದ್ದು, ಆದ್ದರಿಂದ ಅವನಿಗೊಂದು ತುಂಡು ಹಗ್ಗ ಕೊಡು. ಗಂಟು ಹಾಕುತ್ತಾ ಬಿಚ್ಚುತ್ತಾ ಇರಲಿ. ಜಗಳ ಬಿಡಿಸುವಾಗ ಕೂಗಬಾರದು. ಎರಡೂ ಕಡೆಯವರಿಗಿಂತ ಮೆಲ್ಲಗೆ ಮಾತಾಡಬೇಕು. ಏನು ಹೇಳುತ್ತಿದ್ದಾನೆ ಎಂದು ಕೇಳಿಸಿಕೊಳ್ಳಲಿಕ್ಕಾದರೂ ಅವರು ಬಾಯಿ ಮುಚ್ಚುತ್ತಾರೆ.

ನಮ್ಮದು ಸಿಮೆಂಟಿನ ಸೇತುವೆ. ಈ ತುದಿಯಿಂದ ಆ ತುದಿಗೆ ನೂರ ನಲವತ್ತು ಹೆಜ್ಜೆ. ಬುಧವಾರ ಹತ್ತರಿಂದ ಹನ್ನೊಂದು ಗಂಟೆಯವರೆಗೆ ಎರಡೂ ಕಡೆಯ ಬಂಧುಗಳು ನಡುವಿಗೆ ಬಂದು ಮಾತಾಡಬಹುದು. ಅಣ್ಣ ಆ ಕಡೆ, ತಂಗಿ ಈ ಕಡೆ ಉಳಿದುಹೋದಂಥ ಜನ. ಪಟ್ಟಿ ನನ್ನ ಹತ್ತಿರ ಇರುತ್ತದೆ. ಹೆಸರು ಕೂಗುವುದು ನಾನು, ಹೊತ್ತಾಯಿತು ಎಂದು ಹೇಳುವುದೂ ನಾನೇ. ಮೊದಲ ವರ್ಷ ಗಡಿಯಾರ ನೋಡಿ ಸರಿಯಾಗಿ ಹೇಳುತ್ತಿದ್ದೆ. ಈಗ ಗಡಿಯಾರವನ್ನು ಐದು ನಿಮಿಷ ಹಿಂದೆ ಇಟ್ಟುಕೊಂಡಿದ್ದೇನೆ. ಮೇಲಿನವರಿಗೆ ಗೊತ್ತು, ಯಾರೂ ಕೇಳಿಲ್ಲ.

ಅಮ್ಮನ ಮೊಣಕಾಲಿಗೆ ಬಿಸಿ ಶಾಖ ಕೊಡಬೇಕು. ನಾನು ಹೇಳಿದೆ ಎಂದು ಹೇಳಬೇಡ, ನೀನೇ ಹೇಳಿದ ಹಾಗೆ ಹೇಳು.

ಅಪ್ಪ


ಏಪ್ರಿಲ್ 9

ಅಪ್ಪನಿಗೆ,

ಹಗ್ಗ ಕೆಲಸ ಮಾಡಿತು. ಮೇಡಂ ಮೂರು ಸಲ ಓಡಿಸಿ ನೋಡಿ ಏನೂ ಹೇಳದೆ ಎದ್ದು ಹೋದರು. ಅವರು ಏನೂ ಹೇಳದಿದ್ದರೆ ಅದೇ ಹೊಗಳಿಕೆ. ಬಾಗಿಲು ನೋಡಿ ಏಳುವುದನ್ನೂ ಬರೆದೆ. ಸೇತುವೆಯ ಮೇಲೆ ಬಾಗಿಲೆಲ್ಲಿ ಎಂದು ಪಕ್ಕದ ಮೇಜಿನವಳು ಕೇಳಿದಳು. ಅವನಿಗೆ ಮಾತ್ರ ಕಾಣುತ್ತದೆ ಎಂದು ತಪ್ಪಿಸಿಕೊಂಡೆ. ನಿಮ್ಮ ಗಡಿಯಾರವನ್ನೂ ಕದ್ದಿದ್ದೇನೆ. ಏಳನೆಯ ಕಂತಿನಲ್ಲಿ ಕೊಂಬಜ್ಜ ಮರಳು ಗಡಿಯಾರವನ್ನು ಯಾರಿಗೂ ಕಾಣದಂತೆ ತುಸು ವಾಲಿಸಿಡುತ್ತಾನೆ. ಅದನ್ನು ಬರೆಯುವಾಗ ನನಗೆ ಒಂದು ಥರ ಆಯಿತು. ವಾರವಾರವೂ ಊರಿನವರನ್ನೆಲ್ಲ ಅವರವರ ಮನೆಯವರ ಹತ್ತಿರ ಸೇರಿಸುತ್ತೀರಿ.

ಶಾಖ ಕೊಡು ಎಂದು ನಾನೇ ಹೇಳಿದ ಹಾಗೆ ಅಮ್ಮನಿಗೆ ಹೇಳಿದೆ. “ನಿಮ್ಮಪ್ಪ ಬರೆದ್ರಾ?” ಎಂದಳು. ನನ್ನ ಬಾಯಲ್ಲಿ ಸುಳ್ಳು ನಿಲ್ಲುವುದಿಲ್ಲ.

ಇನ್ನು ನಿಜವಾಗಿ ಕೇಳಬೇಕೆಂದಿದ್ದನ್ನು ಕೇಳುತ್ತೇನೆ. ನಿಮ್ಮ ಅವಧಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಪ್ರತಿ ಮೂರು ವರ್ಷಕ್ಕೊಮ್ಮೆ ಮುಂದುವರಿಕೆಯ ಫಾರಂ ಬರುತ್ತದೆ, ನೀವು ಸಹಿ ಹಾಕುತ್ತೀರಿ. ಯುದ್ಧ ಮುಗಿದ ಮೇಲೆ ಇದುವರೆಗೆ ನಾಲ್ಕು ಸಲ ಹಾಕಿದ್ದೀರಿ. ನಡುವೆ ಎರಡು ಸಲ ಬಂದಿರಿ. ಎರಡು ಸಲವೂ ರೈಲು ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಉಳಿದು, ನಮ್ಮನ್ನು ಹೋಟೆಲಿಗೆ ಕರೆದು ಊಟ ಹಾಕಿಸಿ ಹೋದಿರಿ. ಅಮ್ಮ ಒಳ್ಳೆಯ ಸೀರೆ ಉಟ್ಟು ಗಂಡನ ಜೊತೆ ಊಟಕ್ಕೆ ಅತಿಥಿಯ ಹಾಗೆ ಹೋಗಿ ಬಂದಳು. ಮನೆಯಲ್ಲಿ ಜಾಗವಿಲ್ಲವೆಂದೇನಲ್ಲ, ಎರಡು ಕೋಣೆಗಳಿವೆ.

ಈ ಸಲ ಸಹಿ ಹಾಕಬೇಡಿ, ಮನೆಗೆ ಬನ್ನಿ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಧಾರಾವಾಹಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತದೆ. ನಿಮ್ಮ ಕ್ಯಾಂಟೀನಿನಲ್ಲಿ ಟಿವಿ ಇದೆ ಎಂದಿದ್ದಿರಿ. ನೋಡಿ.

ಇತಿ,
ಕೊಂಬು ಬಂದ ಮಗಳು


ಮೇ 15

ಪೆನ್ಸಿಲಿಗೆ,

ಉತ್ತರ ತಡವಾಯಿತು. ಇಲ್ಲಿ ಸ್ವಲ್ಪ ಗಲಾಟೆಯಿತ್ತು, ಈಗಿಲ್ಲ.

ನಾಲ್ಕು ಶನಿವಾರದಿಂದ ನೋಡುತ್ತಿದ್ದೇನೆ. ಕ್ಯಾಂಟೀನಿನ ತಗಡಿನ ಮಾಡಿನ ಕೆಳಗೆ ಆರು ಬೇರೆಬೇರೆ ದೇಶದ ಮೂವತ್ತು ಗಂಡಸರು ಬೆಳಗಿನ ಚಹಾ ಹಿಡಿದುಕೊಂಡು ಮಕ್ಕಳ ಧಾರಾವಾಹಿ ನೋಡುತ್ತೇವೆ. ಅರ್ಧ ಜನಕ್ಕೆ ಭಾಷೆ ಬರುವುದಿಲ್ಲ. ಕೊಂಬಜ್ಜ ಎದ್ದು ನಿಂತಾಗ ಎಲ್ಲರೂ ಸುಮ್ಮನಾಗುತ್ತಾರೆ. ಮೊದಲ ವಾರವೇ ಅಡುಗೆಯವನು ಸೌಟಿನಿಂದ ಟಿವಿಯನ್ನು ತೋರಿಸಿ, ಆಮೇಲೆ ನನ್ನನ್ನು ತೋರಿಸಿದ. ಈಗ ಎಲ್ಲರೂ ನನ್ನನ್ನು ಕೊಂಬಜ್ಜ ಎನ್ನುತ್ತಾರೆ. ಆ ನಡಿಗೆ ನನ್ನದು, ಕುತ್ತಿಗೆಯನ್ನು ಓರೆ ಮಾಡುವುದು ನನ್ನದು, ಕೆಮ್ಮಿ ಮಾತು ಶುರುಮಾಡುವುದೂ ನನ್ನದೇ. ಇದನ್ನೆಲ್ಲ ನಾನು ನಿನಗೆ ಬರೆದಿರಲಿಲ್ಲ. ಒಂಬತ್ತು ವರ್ಷದವಳಾಗಿದ್ದಾಗ ನೋಡಿದ್ದನ್ನು ಇಷ್ಟು ಇಟ್ಟುಕೊಂಡಿದ್ದೀಯೆಂದು ನನಗೆ ಗೊತ್ತಿರಲಿಲ್ಲ.

ಒಂದು ತಪ್ಪಿದೆ. ನಿನ್ನ ಕೊಂಬಜ್ಜ ಎಡಚ. ಹಗ್ಗ, ಲೋಟ, ಊರುಗೋಲು, ಬಾಗಿಲ ಅಗುಳಿ ಎಲ್ಲದಕ್ಕೂ ಎಡಗೈ ಚಾಚುತ್ತಾನೆ. ಬಲಗೈ ಯಾವಾಗಲೂ ಅಂಗಿಯೊಳಗೆ, ಗಂಟು ಹಾಕುವುದೂ ಒಂದೇ ಕೈಯಲ್ಲಿ. ನಾನು ಬಲಗೈಯವನು. ಈ ಕಾಗದವನ್ನೂ ಬಲಗೈಯಲ್ಲೇ ಬರೆಯುತ್ತಿದ್ದೇನೆ.

ಫಾರಂ ಇನ್ನೂ ಬಂದಿಲ್ಲ.

ಅಪ್ಪ


ಮೇ 24

ಅಪ್ಪನಿಗೆ,

ನಿಮ್ಮ ಕಾಗದವನ್ನು ಸ್ಟುಡಿಯೋದಲ್ಲಿ ಓದಿ ಬೆಪ್ಪಾಗಿ ಕೂತೆ. ಒಂದೂವರೆ ವರ್ಷದಿಂದ ಸಾವಿರಾರು ಚಿತ್ರ ಬರೆದಿದ್ದೇನೆ, ಒಂದರಲ್ಲೂ ನನಗೆ ಅನುಮಾನ ಬರಲಿಲ್ಲ. ಕೊಂಬಜ್ಜನ ಕೈಯನ್ನು ನಾನು ಯೋಚಿಸಿ ಬರೆದದ್ದೇ ಅಲ್ಲ. ಕಣ್ಣು ಮುಚ್ಚಿದರೆ ನೀವು ಎಡಗೈಯಲ್ಲಿ ನನ್ನ ಪೆನ್ಸಿಲು ಕೆತ್ತುತ್ತಿದ್ದೀರಿ. ಎಡಗೈಯಲ್ಲಿ ನನ್ನ ಜಡೆ ಹಿಡಿದು, ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೀರಿ. ಹೋಟೆಲಿನಲ್ಲಿ ಊಟ ಹಾಕಿಸಿದಾಗಲೂ ಚಮಚ ಎಡಗೈಯಲ್ಲಿತ್ತು. ನನ್ನಪ್ಪ ಎಡಚ ಎಂದು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೇನೆ.

ಅಮ್ಮನನ್ನು ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದಳು. “ಬಲಗೈ” ಎಂದಳು, ಅಷ್ಟೇ. ಆಮೇಲೆ ದಾರ ಮೂರು ಸಲ ತಪ್ಪಿತು. ನಾನು ಪೋಣಿಸಿಕೊಡಲು ಹೋದರೆ ಬೇಡವೆಂದು ಎದ್ದು ಅಡುಗೆಮನೆಗೆ ಹೋದಳು.

ಮೇಡಂಗೆ ಹೇಳಿದೆ. ಮಕ್ಕಳಿಗೆ ಅವನು ಎಡಚನಾಗಿಯೇ ಗೊತ್ತು, ಇನ್ನು ತಿದ್ದುವುದಕ್ಕಾಗುವುದಿಲ್ಲ ಎಂದರು. ಅವನನ್ನು ತಿದ್ದುವ ಯೋಚನೆ ನನಗಿಲ್ಲ. ನನಗೆ ಗೊತ್ತಾಗಬೇಕಾದದ್ದು ಬೇರೆ. ನನಗೆ ಒಂಬತ್ತು ವರ್ಷವಿದ್ದಾಗಿನ ಆ ರಜೆಯಲ್ಲಿ ನೀವು ಮನೆಯಲ್ಲಿದ್ದಷ್ಟೂ ದಿನ ಬಲಗೈ ಎಲ್ಲಿತ್ತು ಅಪ್ಪ?

ಮಗಳು


ಜೂನ್ 30

ಪೆನ್ಸಿಲಿಗೆ,

ಇದನ್ನು ಬರೆಯದೆ ಇರಲು ಸಾಧ್ಯವೇ ಎಂದು ಒಂದು ತಿಂಗಳು ನೋಡಿದೆ. ಆಗಲಿಲ್ಲ.

ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಅದು ನಡುಗುತ್ತಿತ್ತು. ಮುಂಚೂಣಿಯಲ್ಲಿ ಎರಡು ವರ್ಷ ಒಂದು ದಿನವೂ ನಡುಗದ ಕೈ, ರಜೆಗೆ ಬಂದು ನಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ಶುರುವಾಯಿತು. ನೀನು ನೋಡಿದರೆ ಹೆದರುತ್ತೀಯೆಂದು ಜೇಬಿನಲ್ಲಿಟ್ಟುಕೊಂಡೆ. ಊಟ, ಕ್ಷೌರ, ನಿನ್ನ ಜಡೆ ಎಲ್ಲವನ್ನೂ ಎಡಗೈಗೆ ಕಲಿಸಿದೆ. ಇಪ್ಪತ್ತೆಂಟು ದಿನದ ರಜೆ. ಇಪ್ಪತ್ತೆರಡು ದಿನ ಹಾಗೇ ದಬ್ಬಿದೆ.

ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ನಾನು ನೆಲದಲ್ಲಿ ಕೂತು ಇಸ್ತ್ರಿಪೆಟ್ಟಿಗೆಯ ವೈರು ಕಟ್ಟುತ್ತಿದ್ದೆ. ಎರಡೂ ಕೈ ಬೇಕಾದ ಕೆಲಸ, ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು ಬಲಗೈಯನ್ನು ಹೊರಗೆ ತೆಗೆದಿದ್ದೆ. ನೀನು ಶಾಲೆಯಿಂದ ಬೇಗ ಬಂದೆ. ಹಿಂದಿನಿಂದ ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದೆ. ಆಮೇಲೆ ನಡೆದದ್ದನ್ನು ಕೈ ಮಾಡಿತು, ನಾನಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಕೈ ನನ್ನದೇ. ನಿನ್ನನ್ನು ಎತ್ತಿ ಎಸೆದೆ. ಬಾಗಿಲ ಚೌಕಟ್ಟಿಗೆ ನಿನ್ನ ಹುಬ್ಬು ತಾಗಿತು. ನಾಲ್ಕು ಹೊಲಿಗೆ ಬಿತ್ತು.

ಮೆಟ್ಟಿಲಿನಿಂದ ಬಿದ್ದೆ ಎಂದು ನೀನು ಡಾಕ್ಟರಿಗೆ ಹೇಳಿದೆ. ಏಟು ಬಿದ್ದು ತಲೆ ಮಂಕಾಗಿ ಹಾಗೆ ಹೇಳುತ್ತಿದ್ದಾಳೆ, ಏನಾಯಿತೆಂದು ಮಗುವಿಗೆ ಗೊತ್ತಿಲ್ಲ ಎಂದುಕೊಂಡೆ. ಗೊತ್ತಿಲ್ಲದೇ ಇರಲಿ ಎಂದು ಬಯಸಿದೆ. ಮಾರನೆಯ ದಿನ ಬೆಳಿಗ್ಗೆ ನೀನು ಏಳುವ ಮೊದಲೇ ಹೊರಟೆ. ರಜೆ ಇನ್ನೂ ಐದು ದಿನ ಇತ್ತು.

ಕೈ ಸರಿಯಾದ ಮೇಲೆ ಬರೋಣ ಎಂದು ಮೊದಲ ಸಲ ಸಹಿ ಹಾಕಿದೆ. ಎರಡನೆಯದಕ್ಕೂ ಅದೇ ಕಾರಣ. ಮೂಳೆಗಾಗಲಿ ನರಕ್ಕಾಗಲಿ ಏನೂ ಆಗಿಲ್ಲ ಎಂದು ಇಲ್ಲಿನ ಡಾಕ್ಟರು ಹೇಳಿದ್ದಾರೆ. ಸೇತುವೆಯ ಮೇಲೆ ಅದು ನಡುಗುವುದಿಲ್ಲ. ಸೇತುವೆಗೆ ಎರಡೇ ತುದಿ, ಬರುವವರು ದೂರದಿಂದಲೇ ಕಾಣುತ್ತಾರೆ. ಮನೆ ಹಾಗಲ್ಲ. ಮನೆಯಲ್ಲಿ ಎಲ್ಲ ಕಡೆಯಿಂದಲೂ ಬರುತ್ತಾರೆ.

ನಿನ್ನ ಧಾರಾವಾಹಿಯಲ್ಲಿ ಆ ಕೈ ಅಂಗಿಯೊಳಗೆ ಇರುವುದನ್ನು ನೋಡಿದಾಗ ಎದ್ದು ಹೊರಗೆ ಹೋದೆ. ಫಾರಂ ಬಂದಿದೆ. ಮೇಜಿನ ಮೇಲಿದೆ.

ಕ್ಷಮಿಸು ಎಂದು ಕೇಳಲು ಧೈರ್ಯ ಸಾಲುತ್ತಿಲ್ಲ.

ಅಪ್ಪ


ಜುಲೈ 8

ಅಪ್ಪಾ,

ಆಗ ನಾವಿದ್ದದ್ದು ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಮನೆ. ನೆಲದ ಮಟ್ಟದ ಮನೆ. ಹೊಸ್ತಿಲು ಬಿಟ್ಟರೆ ಹತ್ತಿ ಇಳಿಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಹದಿನೈದು ವರ್ಷದಿಂದ ನಾವು ಮೂವರೂ ಇಲ್ಲದ ಮೆಟ್ಟಿಲನ್ನು ಕಟ್ಟಿ ನಿಲ್ಲಿಸಿದ್ದೇವೆ, ಯಾರೂ ಒಂದು ಸಲವೂ ಎಲ್ಲಿತ್ತೇ ಆ ಮೆಟ್ಟಿಲು ಎಂದು ಕೇಳಲಿಲ್ಲ.

ನನಗೆ ಎಲ್ಲ ನೆನಪಿದೆ. ಎಸೆದದ್ದು, ಚೌಕಟ್ಟು, ರಕ್ತ ಕಣ್ಣಿಗೆ ಇಳಿದದ್ದು, ನಿಮ್ಮ ಮುಖ. ನಿಮ್ಮ ಮುಖ ನೋಡಿಯೇ ನಾನು ಸುಳ್ಳು ಹೇಳಿದ್ದು. ನಿಜ ಹೇಳಿದರೆ ನಿಮಗೆ ಏನಾದರೂ ಆಗಿಬಿಡುತ್ತದೆ ಎಂದು ಹೆದರಿದೆ. ನಿಮ್ಮ ಕೈಗೆ ಹೆದರಲಿಲ್ಲ. ನೆನಪಿಲ್ಲದ್ದು ಒಂದೇ, ಅದು ಯಾವ ಕೈ ಎಂಬುದು. ಅಷ್ಟನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲವನ್ನೂ ಇಟ್ಟುಕೊಂಡೆ.

ಈಗ ಸಿಟ್ಟು ಬರುತ್ತಿದೆ, ಬರೆದೇ ಬಿಡುತ್ತೇನೆ. ಹೊಲಿಗೆ ಹತ್ತು ದಿನಕ್ಕೆ ಬಿಚ್ಚಿದರು. ಗಾಯದ ನೋವು ಅಷ್ಟಕ್ಕೇ ಮುಗಿಯಿತು. ಹೊಲಿಗೆ ಬಿದ್ದ ಮಾರನೆಯ ಬೆಳಿಗ್ಗೆ ಎದ್ದಾಗ ನಿಮ್ಮ ಹಾಸಿಗೆ ಮಡಿಸಿಟ್ಟಿತ್ತು. ನಾನು ಸರಿಯಾಗಿ ಸುಳ್ಳು ಹೇಳಲಿಲ್ಲ, ಅದಕ್ಕೇ ಅಪ್ಪ ಹೋದರು ಎಂದುಕೊಂಡೆ. ಮುಂದಿನ ಸಲ ಇನ್ನೂ ಚೆನ್ನಾಗಿ ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಮುಂದಿನ ಸಲ ಬರಲೇ ಇಲ್ಲ. ನೀವು ನನ್ನನ್ನು ಕಾಪಾಡಲು ದೂರ ಇದ್ದಿರಂತೆ. ಯಾರಿಂದ ಕಾಪಾಡಿದಿರಿ? ನನಗೆ ಬೇಕಾಗಿದ್ದವರು ನೀವೊಬ್ಬರೇ.

ಇಲ್ಲಿಯ ಸುದ್ದಿ. ಕೊನೆಯ ಕಂತಿನಲ್ಲಿ ಕೊಂಬಜ್ಜ ಸೇತುವೆಯನ್ನು ಉಳಿಸಲು ಹೋಗಿ ಸಾಯುತ್ತಾನೆ ಎಂದು ಮೇಡಂ ತೀರ್ಮಾನಿಸಿದ್ದಾರೆ. ಬೇಡ, ಮನೆಗೆ ಹೋಗಲಿ ಎಂದು ನಾನು ಹಟ ಹಿಡಿದೆ. “ಮನೆಗೆ ಹೋಗಿ ಏನ್ ಮಾಡ್ತಾನೆ? ಅದನ್ನ ಬರ್ಕೊಂಡು ಬಾ, ನೋಡೋಣ” ಎಂದರು. ಮೂರು ದಿನ ಮೇಜಿನ ಮುಂದೆ ಕೂತೆ. ಕೊಂಬಜ್ಜ ಬಾಗಿಲ ತನಕ ಬಂದ. ಒಳಗೆ ಕಾಲಿಡುವುದನ್ನು ಬರೆಯಲು ನನಗೆ ಬರಲಿಲ್ಲ. ನಾನು ಅದನ್ನು ನೋಡಿಯೇ ಇಲ್ಲವಲ್ಲ ಅಪ್ಪ.

ಫಾರಂ ಮೇಜಿನ ಮೇಲೇ ಇರಲಿ. ನಡುಗುವ ಕೈಯಾದರೂ ಸರಿ, ಅದರ ಜೊತೆಗೇ ಬನ್ನಿ.

ನಿಮ್ಮ
ಪೆನ್ಸಿಲು


ಜುಲೈ 9

ಇವರಿಗೆ,

ಅವಳ ಕಾಗದದ ಲಕೋಟೆಯಲ್ಲೇ ಇದನ್ನೂ ಇಡುತ್ತಿದ್ದೇನೆ. ಅವಳು ಬರೆದದ್ದನ್ನು ನಾನು ಓದಿಲ್ಲ. ಆದರೆ ಗೋಡೆ ತೆಳು, ಬರೆಯುವಾಗ ಬಾಯಿಬಿಟ್ಟು ಓದಿಕೊಳ್ಳುವುದು ಅವಳ ಅಭ್ಯಾಸ.

ಮೆಟ್ಟಿಲು ಎಂದು ಅವಳು ಹೇಳಿದಾಗ ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದು ಎಂದೆ. ನಿಮ್ಮ ಕೈ ನಡುಗುವುದು ನೀವು ಬಂದ ಎರಡನೆಯ ವಾರವೇ ನನಗೆ ಗೊತ್ತಿತ್ತು. ನಿಮ್ಮ ಪ್ಯಾಂಟು ಒಗೆದವಳು ನಾನು, ಬಲಗಡೆಯ ಜೇಬಿನ ಬಟ್ಟೆ ಸವೆದು ಕಿತ್ತುಬಂದಿತ್ತು. ಹೊಲಿದು ಹಾಕಿದೆ. ನೀವು ಹೇಳುತ್ತೀರಿ ಎಂದು ಕಾದೆ.

ಅವಳಿಗಾದರೂ ಒಂದು ಗಾಯವಾಯಿತು, ಮಾಯಿತು, ನೋಡಿದವರು ಏನಾಯಿತೆಂದು ಕೇಳುತ್ತಾರೆ. ನನ್ನನ್ನು ಯಾರೂ ಕೇಳಿಲ್ಲ. ಇಷ್ಟು ವರ್ಷ ನೀವು ಕೈ ಸರಿಹೋಗಲಿ ಎಂದು ಕಾದಿರಿ. ನಾನು ನಿಮಗಾಗಿ ಕಾದೆ.

ಮೊಣಕಾಲು ಪರವಾಗಿಲ್ಲ. ಶಾಖ ಕೊಡುತ್ತಿದ್ದೇನೆ.

ಅವಳ ಅಮ್ಮ


ಆಗಸ್ಟ್ 20

ನಿಮ್ಮಿಬ್ಬರಿಗೂ,

ಎರಡೂ ಕಾಗದ ಬಂದು ಒಂದು ತಿಂಗಳಾಯಿತು. ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಜೇಬಿನ ವಿಷಯ ಓದಿದ ದಿನ ಬುಧವಾರದ ಪಟ್ಟಿಯನ್ನು ಅಡುಗೆಯವನ ಕೈಯಲ್ಲಿ ಓದಿಸಿದೆ, ಅವನು ಎಲ್ಲ ಹೆಸರುಗಳನ್ನೂ ಕುಲಗೆಡಿಸಿದ.

ಇಪ್ಪತ್ತು ದಿನದ ರಜೆ ಕೇಳಿದ್ದೆ, ಕೊಟ್ಟಿದ್ದಾರೆ. ಸೆಪ್ಟೆಂಬರ್ ಏಳರಂದು ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಲಾಡ್ಜಿನಲ್ಲಿ ಕೋಣೆ ಹಿಡಿದಿಲ್ಲ.

ಫಾರಂ ಜೊತೆಗೆ ತರುತ್ತಿದ್ದೇನೆ. ಸಹಿ ಹಾಕಿಲ್ಲ, ಹರಿದೂ ಇಲ್ಲ. ತಿಂಗಳ ಕೊನೆಯೊಳಗೆ ಅಂಚೆಗೆ ಹಾಕಬೇಕು. ಬಂದು ಇದ್ದುಬಿಡುತ್ತೇನೆ ಎಂದು ಬರೆಯಲು ಹೋಗಿ ಮೂರು ಹಾಳೆ ಹಾಳುಮಾಡಿದೆ. ಮಾತು ಕೊಟ್ಟು ತಪ್ಪುವುದಕ್ಕಿಂತ ಕೊಡದೇ ಬರುವುದು ಮೇಲು ಎನಿಸಿತು. ನನಗೆ ನನ್ನ ಮೇಲೆ ಅಷ್ಟೇ ನಂಬಿಕೆ.

ನಿಲ್ದಾಣಕ್ಕೆ ಬರಬೇಡಿ. ಬೀದಿಯಲ್ಲಿ ಒಬ್ಬನೇ ನಡೆದು ಬರುತ್ತೇನೆ. ತಿರುವಿನಲ್ಲಿ ನಿಂತುಬಿಟ್ಟರೆ ಕಿಟಕಿಯಿಂದ ಕೂಗಬೇಡಿ, ಸ್ವಲ್ಪ ಹೊತ್ತು ಬಿಡಿ.

ನನ್ನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ. ಗಡಿಯಾರದ ವಿಷಯ ಅವನಿಗೆ ಹೇಳಿದ್ದೇನೆ.

ನಿಮ್ಮವನು


ಸೆಪ್ಟೆಂಬರ್ 11, ಭಾನುವಾರ ಮಧ್ಯಾಹ್ನ

ಅಪ್ಪಾ,

ನೀವು ಪಕ್ಕದ ಕೋಣೆಯಲ್ಲಿ ಮಲಗಿದ್ದೀರಿ. ನಡುವೆ ಒಂದೇ ಗೋಡೆ. ಆದರೂ ಕಾಗದ ಬರೆಯುತ್ತಿದ್ದೇನೆ, ಏಕೆಂದರೆ ನೀವು ಬಂದು ನಾಲ್ಕು ದಿನವಾಯಿತು, ಈ ನಾಲ್ಕು ದಿನದಲ್ಲಿ ನಾವು ಆಡಿದ್ದೆಲ್ಲ ಸೇರಿಸಿದರೆ ಒಂದು ಕಾರ್ಡಿನ ತುಂಬ ಆಗುವುದಿಲ್ಲ. ಊಟ ಆಯಿತೇ, ಬಿಸಿನೀರು ಬೇಕೇ, ಈ ಬೀದಿಯಲ್ಲಿ ಮೊದಲು ಇಷ್ಟು ಗಾಡಿಗಳಿದ್ದವೇ. ನಿಮ್ಮ ಜೊತೆ ಮಾತಾಡುವುದು ನನಗೆ ಅಂಚೆಯಲ್ಲಿ ಮಾತ್ರ ಬರುತ್ತದೆ.

ಬುಧವಾರ ನೀವು ತಿರುವಿನಲ್ಲಿ ನಿಂತದ್ದನ್ನು ನಾವಿಬ್ಬರೂ ಪರದೆಯ ಸಂದಿಯಿಂದ ನೋಡಿದೆವು. ಕೂಗಬೇಡಿ ಎಂದಿದ್ದಿರಿ, ನೋಡಬೇಡಿ ಎಂದಿರಲಿಲ್ಲ. ಮುಕ್ಕಾಲು ಗಂಟೆ ನಿಂತಿರಿ. ಹಣ್ಣಿನಂಗಡಿಯವನು ಎರಡು ಸಲ ಏನು ಬೇಕೆಂದು ಕೇಳಿದ. ಅಮ್ಮ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಬೆರಳಿನ ಗುರುತು ಸಂಜೆಯವರೆಗೆ ಹೋಗಲಿಲ್ಲ. ನೀವು ಮೆಟ್ಟಿಲು ಹತ್ತುವ ಸದ್ದು ಕೇಳಿದ ಮೇಲೆ ಬಿಟ್ಟಳು. ಈ ಮನೆಗೆ ನಿಜವಾದ ಮೆಟ್ಟಿಲುಗಳಿವೆ, ಹದಿನೇಳು.

ನಿಮ್ಮ ಕೈ ಮೇಜಿನ ಮೇಲಿರುತ್ತದೆ, ಜೇಬಿನಲ್ಲಲ್ಲ. ನಡುಗುತ್ತದೆ. ಮೊದಲ ದಿನ ಚಹಾ ಪೂರ್ತಿ ಚೆಲ್ಲಿತು. ಅಮ್ಮ ಒರೆಸಿ ಇನ್ನೊಂದು ತಂದಳು, ಅರ್ಧ ಲೋಟ ಮಾತ್ರ. ಅಂದಿನಿಂದ ನಮ್ಮ ಮೂವರಿಗೂ ಅರ್ಧರ್ಧ ಲೋಟವೇ. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಬರುವಾಗ ಬಾಯಲ್ಲಿ ಏನಾದರೂ ಗುನುಗುತ್ತಾ ಬರುತ್ತೇನೆ. ನನ್ನ ಕಂಠ ಹೇಗಿದೆ ಎಂದು ನಿಮಗೆ ಗೊತ್ತಾಗಿರಬೇಕು. ಸಹಿಸಿಕೊಳ್ಳಿ.

ನಿಮಗೆ ಹೇಳದ ಒಂದು ಸುದ್ದಿಯಿದೆ. ಕೊಂಬಜ್ಜನ ಸಾವನ್ನು ಶುಕ್ರವಾರ ಬರೆದು ಮುಗಿಸಿದೆ. ಮೇಡಂ ಬದಲಾಯಿಸಲು ಒಪ್ಪಲಿಲ್ಲ, ನಾನೂ ಆಮೇಲೆ ಜಗಳ ಮಾಡಲಿಲ್ಲ. ಬರೆಯುವಾಗ ಅಳು ಬರುತ್ತದೆ ಎಂದು ಕರವಸ್ತ್ರ ಇಟ್ಟುಕೊಂಡು ಕೂತಿದ್ದೆ, ಬರಲಿಲ್ಲ. ಒಳ್ಳೆಯ ಮುದುಕ, ಎಡಚ, ಯಾರದೋ ಮನೆಯ ಅಜ್ಜ. ನನ್ನಪ್ಪನಲ್ಲ. ಇಷ್ಟು ದಿನ ಅವನನ್ನು ನಿಮ್ಮ ಬದಲಿಗೆ ಇಟ್ಟುಕೊಂಡಿದ್ದೆ ಎಂದು ಆಗ ತಿಳಿಯಿತು.

ಇನ್ನು ಕೇಳಬೇಕಾದದ್ದು. ನಿಮ್ಮ ಚೀಲ ಬಾಗಿಲ ಹತ್ತಿರವೇ ಇದೆ, ನೀವು ಇಟ್ಟ ಹಾಗೆಯೇ, ಬೆಲ್ಟು ಬಿಗಿದ ಹಾಗೆಯೇ. ಬೆಳಿಗ್ಗೆ ಒಂದು ಅಂಗಿ ತೆಗೆಯುತ್ತೀರಿ, ಮತ್ತೆ ಬಿಗಿಯುತ್ತೀರಿ. ಫಾರಂ ಅದರೊಳಗೇ ಇದೆ ಎಂದು ನಮಗೆ ಗೊತ್ತು. ಅಮ್ಮ ಗುಡಿಸುವಾಗ ಚೀಲವನ್ನು ಸರಿಸದೆ ಅದರ ಸುತ್ತ ಗುಡಿಸುತ್ತಾಳೆ. ನಿನ್ನೆ ಬೀರುವಿನಲ್ಲಿ ಒಂದು ಖಾನೆಯನ್ನು ಖಾಲಿ ಮಾಡಿದಳು. ನಿಮ್ಮನ್ನು ಕೇಳುವ ಬಾಯಿ ನಮ್ಮಿಬ್ಬರಿಗೂ ಇಲ್ಲ. ಅವಸರಪಡಿಸಿದರೆ ಎದ್ದು ಹೋಗಿಬಿಡುತ್ತೀರಿ ಎಂಬ ಹೆದರಿಕೆ. ಹಾಗಂತ ಈ ತಿಂಗಳ ಕೊನೆಯವರೆಗೆ ಹೀಗೇ ಉಸಿರು ಬಿಗಿಹಿಡಿದು ಕೂರಲು ನನ್ನಿಂದಾಗುವುದಿಲ್ಲ. ಇದನ್ನು ನಿಮ್ಮ ದಿಂಬಿನ ಪಕ್ಕ ಇಡುತ್ತೇನೆ. ಇರುತ್ತೀರೋ ಹೋಗುತ್ತೀರೋ ಹೇಳಿ. ದಯವಿಟ್ಟು ಉತ್ತರ ಬರೆಯಬೇಡಿ, ಬಾಯಲ್ಲಿ ಹೇಳಿ.

ನೀವು ಎದ್ದಿರಿ. ಮಂಚ ಕಿರುಗುಟ್ಟಿತು. ಈಗ ನಡೆಯುತ್ತಿದ್ದೀರಿ, ಅಡುಗೆಮನೆಯ ಕಡೆಗಲ್ಲ, ಬಾಗಿಲ ಕಡೆಗೆ. ಚೀಲದ ಬೆಲ್ಟು ಬಿಚ್ಚಿದ ಸದ್ದು. ಇಷ್ಟು ಹೊತ್ತಿನಲ್ಲಿ ಅಂಗಿ ಯಾಕೆ?

ಅಮ್ಮನ ಹೊಲಿಗೆ ಯಂತ್ರ ನಿಂತಿತು.

“ಈ ಬಟ್ಟೆಗಳನ್ನೆಲ್ಲ ಎಲ್ಲಿಡ್ಲಿ?” ಎಂದು ಕೇಳುತ್ತಿದ್ದೀರಿ.

ಅಪ್ಪಾ, ಸ್ವಲ್ಪ ತಡೆಯಿರಿ, ಅಮ್ಮನಿಗೆ ಮಾತು ಹೊರಡುತ್ತಿಲ್ಲ ಅಷ್ಟೇ. ನಾನು ಬಂದು ತೋರಿಸುತ್ತೇನೆ.